ಕೇಳಿ, ಆಡಿ: ಎಡಬ್ಲ್ಯುಎಂ ಸಿಕ್ಕಿತು, ಮುಂದೇನು?

ಸ್ನೈಪರ್ ಗನ್ನುಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಗನ್ನಿನ ಸುತ್ತ. ಬಿಜಿಎಂಐ, ಅಂದರೆ ಪಬ್‌ಜಿ ಮೊಬೈಲ್ ಆಟದ ಭಾರತದ ರೂಪ, ಆಡುವವರಿಗೆ ಎಡಬ್ಲ್ಯುಎಂ ಏನು ಅಂತ ಹೇಳಬೇಕಾಗಿಲ್ಲ. ಆಡದವರಿಗೆ ಎರಡು ಮಾತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಕೊನೆಗೆ ಒಂದು ತಂಡ ಉಳಿಯುತ್ತದೆ. ಬಾಕಿ ಗನ್ನುಗಳು ಮನೆ, ಶೆಡ್ಡುಗಳಲ್ಲಿ ಬಿದ್ದಿರುತ್ತವೆ. ಕ್ಲಾಸಿಕ್ ಅನ್ನುವ ಈ ಮಾಮೂಲಿ ಆಟದಲ್ಲಿ ಎಡಬ್ಲ್ಯುಎಂ ಬೇಕಾದರೆ ಹೆಚ್ಚಾಗಿ ಮೇಲಿನಿಂದ ಪ್ಯಾರಾಶೂಟಿನಲ್ಲಿ ಇಳಿಯುವ ಪೆಟ್ಟಿಗೆಯೇ (ಡ್ರಾಪ್) ಗತಿ. ಆ ಪೆಟ್ಟಿಗೆಯಿಂದ ಕೆಂಪು ಹೊಗೆ ಏಳುತ್ತದೆ. ದೂರದವರಿಗೂ ಕಾಣುತ್ತದೆ. ರಗಳೆ ಶುರುವಾಗುವುದೇ ಅಲ್ಲಿಂದ.

ಡ್ರಾಪ್‌ಗೆ ಓಡಿದಾಗಲೆಲ್ಲ ಪೆಟ್ಟಿಗೆ ಪಕ್ಕದಲ್ಲೇ ಸಾಯುತ್ತೇನೆ. ಎಡಬ್ಲ್ಯುಎಂ ಕೈಗೆ ಬಂದರೂ ನಾಲ್ಕು ಹೆಜ್ಜೆ ಇಡೋಕೆ ಬಿಡಲ್ಲ. ಆ ಗನ್ನಿನ ಆಸೆಯನ್ನೇ ಬಿಡಬೇಕಾ?
— ಪಿಯು ವಿದ್ಯಾರ್ಥಿ, ತೀರ್ಥಹಳ್ಳಿ

ಆಸೆ ಬಿಡಬೇಡಿ, ಓಡುವುದನ್ನು ಬಿಡಿ.

ಹೊಗೆ ನೋಡಿದವರು ನೀವೊಬ್ಬರೇ ಅಲ್ಲ. ಎರಡು ಮೂರು ತಂಡಗಳಾದರೂ ಅದನ್ನೇ ನೋಡುತ್ತಿರುತ್ತವೆ. ಅವರಲ್ಲಿ ಬುದ್ಧಿ ಇರುವವರು ಪೆಟ್ಟಿಗೆ ಹತ್ತಿರ ಬರುವುದೇ ಇಲ್ಲ. ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ ಬಂಡೆ ಹಿಂದೆ ಮಲಗಿ, ನಿಮ್ಮಂಥವರು ಬಂದು ಪೆಟ್ಟಿಗೆ ಮುಂದೆ ಬಗ್ಗುವುದನ್ನೇ ಕಾಯುತ್ತಾರೆ. ಪೆಟ್ಟಿಗೆ ತೆಗೆದವರ ಕಣ್ಣು ಲಿಸ್ಟಿನ ಮೇಲೆ, ಹೆಬ್ಬೆರಳು ಲಿಸ್ಟಿನ ಮೇಲೆ, ಆಳು ಅಲ್ಲಾಡುತ್ತಿಲ್ಲ. ಇದಕ್ಕಿಂತ ಸುಲಭದ ಗುರಿ ಯಾರಿಗೆ ಸಿಗುತ್ತೆ?

ಹಾಗಾಗಿ ಮೊದಲು ಆ ಬಂಡೆ ಹಿಂದೆ ಮಲಗುವವರು ನೀವಾಗಿ. ಕೈಯಲ್ಲಿ ಎಲ್ಲೆಂದರಲ್ಲಿ ಸಿಗುವ ಮಾಮೂಲಿ ಸ್ನೈಪರ್ ಕಾರ್98 ಇದ್ದರೂ ಸಾಕು. ಒಂದು ತಂಡ ಬಂದು ಇನ್ನೊಂದು ತಂಡದ ಜೊತೆ ಗುದ್ದಾಡಿ ಮುಗಿಸಲಿ. ಆಮೇಲೆ ಗಾಡಿಯಲ್ಲಿ ಹೋಗಿ. ಎದುರಾಳಿ ಎಲ್ಲಿಂದ ಹೊಡೆಯಬಹುದು ಅಂತ ಅನುಮಾನ ಇದೆಯೋ ಆ ದಿಕ್ಕಿಗೆ ಜೀಪ್ ಅಡ್ಡ ನಿಲ್ಲಿಸಿ. ಒಂದು ಸ್ಮೋಕ್ (ಹೊಗೆ ಬಾಂಬ್) ಎಸೆದು, ಅದು ಪೂರ್ತಿ ಹರಡುವ ತನಕ ತಾಳಿಕೊಳ್ಳಿ. ಪೆಟ್ಟಿಗೆ ತೆಗೆದಾಗ ಮೊದಲು ಗನ್, ಆಮೇಲೆ ಗುಂಡು, ಆಮೇಲೆ ಹೆಲ್ಮೆಟ್. ಎಂಟು ಪಟ್ಟು ಹತ್ತಿರ ತೋರಿಸುವ ಎಂಟರ ಸ್ಕೋಪ್ ಇದ್ದರೆ ಅದೂ ಸರಿ. ಹುಲ್ಲಿನ ವೇಷ, ಬೂಟು, ಬಣ್ಣ ಅಂತ ಅಲ್ಲೇ ನಿಂತು ಶೃಂಗಾರ ಮಾಡಿಕೊಳ್ಳಬೇಡಿ. ಗಾಡಿ ಹತ್ತಿ, ಹೊರಡಿ.

ಅರ್ಧ ಕೆಲಸ ಮುಗಿಯಿತು ಅಷ್ಟೆ. ಪೆಟ್ಟಿಗೆಯಲ್ಲಿ ಗನ್ ಜೊತೆ ಬರುವ ಗುಂಡು 20ರ ಆಸುಪಾಸು. ಅದು .300 ಮ್ಯಾಗ್ನಮ್, ಬೇರೆ ಗನ್ನಿನ ಗುಂಡು ಇದಕ್ಕೆ ಹೊಂದಲ್ಲ, ಮನೆ ಮನೆ ಹುಡುಕಿದರೂ ಸಿಗಲ್ಲ. ಮ್ಯಾಗಜೀನಿನಲ್ಲಿ ಐದು ಹಿಡಿಯುತ್ತದೆ, ದೊಡ್ಡದು ಹಾಕಿದರೆ ಏಳು. ಒಂದು ಹೊಡೆದ ಮೇಲೆ ಬೋಲ್ಟ್ ಎಳೆದು ಮತ್ತೆ ಹೊಡೆಯೋಕೆ ಎರಡು ಸೆಕೆಂಡಿನ ಹತ್ತಿರ ಬೇಕು. ನಮ್ಮ ಹುಡುಗರು ಸಾಯುವುದು ಆ ಎರಡು ಸೆಕೆಂಡಿನಲ್ಲೇ. ಹೊಡೆದು ತಲೆ ಎತ್ತಿಕೊಂಡೇ ಇರುತ್ತಾರೆ, ಬಿತ್ತಾ ಇಲ್ವಾ ಅಂತ ನೋಡೋಕೆ. ಬಿದ್ದರೆ ಪರದೆ ಮೇಲೆ ಹೆಸರು ಬರುತ್ತದೆ ಮಾರಾಯ್ರೆ, ಸುಮ್ನೆ ಕೂತು ಬೋಲ್ಟ್ ಎಳೆಯಿರಿ.

ಜಾಗದ ವಿಷಯ. ಗುಡ್ಡದ ನೆತ್ತಿ ಮೇಲೆ ಮಲಗಬೇಡಿ. ಕವಲೇದುರ್ಗಕ್ಕೆ ಹೋದವರು ನೋಡಿರುತ್ತೀರಿ, ಕೋಟೆ ಗೋಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರು ಕೆಳಗಿನ ದಾರಿಯಿಂದ ಕಡ್ಡಿ ನೆಟ್ಟ ಹಾಗೆ ಕಾಣುತ್ತಾರೆ. ಬೆನ್ನ ಹಿಂದೆ ಆಕಾಶ ಇದ್ದರೆ ಹಾಗೇ. ನೆತ್ತಿಯಿಂದ ಸ್ವಲ್ಪ ಕೆಳಗೆ, ಬೆನ್ನಿಗೆ ಮಣ್ಣೋ ಮರವೋ ಇರುವ ಹಾಗೆ ಕೂರಿ. ಎರಡು ಗುಂಡು ಹೊಡೆದ ಮೇಲೆ ಜಾಗ ಬದಲಿಸಿ. ಎರಡನೇ ಗನ್ನಾಗಿ ಸರಸರ ಗುಂಡು ಹಾರಿಸುವ ಎಂ416 ಥರದ್ದು ಇರಲೇಬೇಕು. ಗುಂಡು ಖಾಲಿಯಾದ ಎಡಬ್ಲ್ಯುಎಂ ಹೊತ್ತು ಓಡಾಡುವವರನ್ನು ನೋಡಿದ್ದೇನೆ, ಗೌರವಕ್ಕೆ ಅಂತೆ. ಖಾಲಿಯಾದರೆ ಬಿಸಾಕಿ.

ಲೆವೆಲ್ 3 ಹೆಲ್ಮೆಟ್ ಹಾಕಿದವನೂ ಒಂದೇ ಏಟಿಗೆ ಹೋಗ್ತಾನೆ ಅಂತಾರೆ. ನಿಜಾನಾ? ಹಾಗಿದ್ದರೆ ಕಾರ್98 ಯಾಕೆ ಹಾಗೆ ಮಾಡಲ್ಲ?
— ಡಿಪ್ಲೊಮಾ ವಿದ್ಯಾರ್ಥಿ, ಸಾಗರ

ನಿಜ. ಲೆಕ್ಕ ಹಾಕಿ ನೋಡೋಣ. ಕಂಪ್ಯೂಟರಿನ ಮೂಲ ಪಬ್‌ಜಿಯಲ್ಲಿ ಎಡಬ್ಲ್ಯುಎಂ ಗುಂಡಿನ ಏಟು 105. ಸ್ನೈಪರ್ ಗುಂಡು ತಲೆಗೆ ಬಿದ್ದರೆ ಅದು ಎರಡೂವರೆ ಪಟ್ಟು, ಅಂದರೆ 262. ಲೆವೆಲ್ 3, ಅಂದರೆ ಆಟದ ಅತಿ ಗಟ್ಟಿ ಹೆಲ್ಮೆಟ್, ನೂರಕ್ಕೆ 55 ಭಾಗ ತಡೆಯುತ್ತದೆ. ಉಳಿದದ್ದು 118. ಆಳಿನ ಜೀವ 100. ಕತೆ ಮುಗಿಯಿತು.

ಕಾರ್98 ಏಟು 79. ತಲೆಗೆ ಬಿದ್ದರೆ 197. ಲೆವೆಲ್ 3 ಹೆಲ್ಮೆಟ್ ಕಳೆದರೆ 89 ಉಳಿಯುತ್ತದೆ. ಹನ್ನೊಂದು ಬಾಕಿ. ಆ ಹನ್ನೊಂದರಲ್ಲಿ ಅವನು ಮರದ ಹಿಂದೆ ಹೋಗಿ ಬ್ಯಾಂಡೇಜ್ ಸುತ್ತಿಕೊಂಡು, ಮತ್ತೆ ಬಂದು ನಿಮ್ಮನ್ನೇ ಹುಡುಕುತ್ತಾನೆ. ಲೆವೆಲ್ 2 ಹೆಲ್ಮೆಟ್ ತಡೆಯುವುದು ನೂರಕ್ಕೆ 40 ಮಾತ್ರ. ಅದನ್ನು ಹಾಕಿದವನಿಗೆ ಕಾರ್98ರ ಒಂದೇ ಏಟು ಸಾಕು.

ಇಲ್ಲೊಂದು ತಮಾಷೆ ಇದೆ. ಮ್ಯಾಚ್ ಶುರುವಾದ ಹೊಸತರಲ್ಲಿ ಲೆವೆಲ್ 3 ಹೆಲ್ಮೆಟ್ ಹಾಕಿದವರೇ ಅಪರೂಪ. ಆಗ ಎಡಬ್ಲ್ಯುಎಂ ಇದ್ದರೂ ಒಂದೇ, ಕಾರ್98 ಇದ್ದರೂ ಒಂದೇ. ಕೊನೆಯ ಮೂರು ನಾಲ್ಕು ತಂಡ ಉಳಿದಾಗ ಎಲ್ಲರ ತಲೆ ಮೇಲೂ ಒಳ್ಳೆ ಹೆಲ್ಮೆಟ್ ಕೂತಿರುತ್ತದೆ. ಗನ್ನಿಗೆ ಬೆಲೆ ಬರುವುದು ಆಗ. ಅಷ್ಟು ಹೊತ್ತಿಗೆ ನಮ್ಮವರು ಹದಿನೈದು ಗುಂಡು ಗಾಡಿಗಳಿಗೆ ಹೊಡೆದು ಖರ್ಚು ಮಾಡಿರುತ್ತಾರೆ. ಇನ್ನೊಂದು ಮಾತು, ಒಳ್ಳೆ ಜಾಕೆಟ್ ಹಾಕಿದವನ ಎದೆಗೆ ಹೊಡೆದರೆ ಎಡಬ್ಲ್ಯುಎಂ ಕೂಡ ಒಂದೇ ಏಟಿಗೆ ಕೊಲ್ಲಲ್ಲ. ತಲೆ ಕಾಣದಿದ್ದರೆ ಕಾಯಿರಿ.

ನನಗೆ ಅರವತ್ತೇಳು. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರುವ ತೋಟಾ ಕೋವಿ ಮನೆಯಲ್ಲಿದೆ, ನಮ್ಮಪ್ಪನ ಕಾಲದ್ದು. ಮೊಮ್ಮಗ ಮೊಬೈಲ್ ಹಿಡಿದು, "ಅಜ್ಜ, ನಿಂದೇನೂ ಅಲ್ಲ, ನಂದು ಎಡಬ್ಲ್ಯುಎಂ" ಅಂತಾನೆ. ಅಂಥದ್ದೊಂದು ಕೋವಿ ನಿಜವಾಗಿಯೂ ಇದೆಯಾ?
— ಅಡಿಕೆ ಬೆಳೆಗಾರರು, ಹೊಸನಗರ ತಾಲೂಕು

ಇದೆ ಅಜ್ಜ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಆಕ್ಯುರಸಿ ಇಂಟರ್‌ನ್ಯಾಷನಲ್ ಅಂತ ಒಂದು ಕಂಪನಿ. ಅದನ್ನು ಕಟ್ಟಿದವರಲ್ಲಿ ಒಬ್ಬರು ಮಾಲ್ಕಮ್ ಕೂಪರ್. ಅವರು ಸೈನ್ಯಕ್ಕಿಂತ ಗುರಿ ಸ್ಪರ್ಧೆಯ ಜನ. 1984ರಲ್ಲಿ ಲಾಸ್ ಏಂಜಲೀಸ್, 1988ರಲ್ಲಿ ಸಿಯೋಲ್, ಎರಡೂ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದವರು. ಕಾಗದದ ಮೇಲಿನ ಚುಕ್ಕೆಗೆ ಹೊಡೆದು ಪಳಗಿದವರು ಮಾಡಿದ ಕೋವಿಯನ್ನು ಬ್ರಿಟಿಷ್ ಸೈನ್ಯ 1980ರ ದಶಕದಲ್ಲಿ ತೆಗೆದುಕೊಂಡಿತು. ಆಮೇಲೆ ಸ್ವೀಡನ್ನಿನವರಿಗೆ ತಮ್ಮ ಹಿಮದಲ್ಲೂ ನಡೆಯುವಂಥದ್ದು ಬೇಕಾಯಿತು. ಅದಕ್ಕೆ ತಿದ್ದಿ ಮಾಡಿದ್ದೇ ಆರ್ಕ್ಟಿಕ್ ವಾರ್‌ಫೇರ್. ಅದಕ್ಕೆ ಇನ್ನೂ ದೊಡ್ಡ ತೋಟಾ ಹಿಡಿಸಿದ್ದು ಆರ್ಕ್ಟಿಕ್ ವಾರ್‌ಫೇರ್ ಮ್ಯಾಗ್ನಮ್. ಮೊಮ್ಮಗ ಹೇಳುವ ಮೂರು ಅಕ್ಷರ ಅದೇ.

2009ರ ನವೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಕ್ರೇಗ್ ಹ್ಯಾರಿಸನ್ ಅನ್ನುವ ಬ್ರಿಟಿಷ್ ಸೈನಿಕ ಇದೇ ಜಾತಿಯ ಕೋವಿಯಿಂದ 2,475 ಮೀಟರ್ ದೂರಕ್ಕೆ ಗುರಿ ಇಟ್ಟು ಹೊಡೆದ. ಆ ಕಾಲಕ್ಕೆ ಅದು ದಾಖಲೆ, ಆಮೇಲೆ ಬೇರೆಯವರು ಮುರಿದರು. ಅವತ್ತು ಗಾಳಿ ಇರಲಿಲ್ಲ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು ಅಂತ ಅವನೇ ಹೇಳಿದ್ದಾನೆ. ಗಾಳಿ ಬೀಸಿದ್ದರೆ ಕತೆ ಬೇರೆ. ಮೊಮ್ಮಗನ ಆಟದಲ್ಲಿ ಗಾಳಿಯ ಕಾಟವೇ ಇಲ್ಲ, ಅದನ್ನೂ ಕೇಳಿ ನೋಡಿ.

ನಿಮ್ಮ ತೋಟಾ ಕೋವಿಯ ನಳಿಗೆ ಒಳಗೆ ನುಣುಪು. ತೋಟಾದೊಳಗಿನ ಚರೆ ಹೊರಗೆ ಬಂದಮೇಲೆ ಹರಡಿಕೊಳ್ಳುತ್ತದೆ. ನಲವತ್ತು ಐವತ್ತು ಮೀಟರ್ ದಾಟಿದರೆ ಅದರ ಬಿಸಿ ಕಡಿಮೆ. ಎಡಬ್ಲ್ಯುಎಂ ನಳಿಗೆಯ ಒಳಗೆ ಸುರುಳಿ ಗೀರುಗಳಿವೆ. ಅದರಲ್ಲಿ ಹಾದು ಬರುವಾಗ ಗುಂಡು ಗಿರಗಿರ ತಿರುಗುತ್ತದೆ, ತಿರುಗುವುದರಿಂದ ಓಲಾಡದೆ ನೆಟ್ಟಗೆ ಹೋಗುತ್ತದೆ. ಎರಡರ ಕೆಲಸವೇ ಬೇರೆ. ಕತ್ತಲಲ್ಲಿ ತೋಟಕ್ಕೆ ನುಗ್ಗಿದ ಹಂದಿ ಮುಂದೆ ಎಂಟರ ಸ್ಕೋಪ್ ಹಿಡಿದು ಏನು ಮಾಡುವುದು?

ಮೊಮ್ಮಗನ ಬಾಯಿ ಮುಚ್ಚಿಸೋಕೆ ಒಂದು ದಾರಿ ಹೇಳುತ್ತೇನೆ. ಆ ಆಟದಲ್ಲೂ ಎಸ್686 ಅಂತ ಜೋಡಿ ನಳಿಗೆಯ ತೋಟಾ ಕೋವಿ ಇದೆ. ಮನೆಯೊಳಗೆ, ಮೆಟ್ಟಿಲ ತಿರುವಿನಲ್ಲಿ ಅದನ್ನು ಹಿಡಿದವನ ಎದುರು ಎಡಬ್ಲ್ಯುಎಂ ಹಿಡಿದವನ ಗತಿ ಕೇಳಬೇಡಿ. "ಎಸ್686 ತಗೊಂಡು ಕೆಳಗಿನ ರೂಮಿನಲ್ಲಿ ಕೂತಿರ್ತೀನಿ, ಬಾ" ಅನ್ನಿ.

ನಿಮ್ಮ ನಿಜವಾದ ಕೋವಿಗೆ ಬೀಗ ಇರಲಿ, ತೋಟಾ ಬೇರೆ ಕಡೆ ಇರಲಿ. ಮೊಬೈಲಿನಲ್ಲಿ ಗುರಿ ಬಂದವನಿಗೆ ಕೋವಿ ಹಿಡಿಯೋದೂ ಬಂತು ಅಂತ ಮನೆಯವರೇ ನಂಬಿಬಿಡುತ್ತಾರೆ. ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡಲ್ಲ.

ಮಳೆ ಶುರುವಾದರೆ ನಮ್ಮಲ್ಲಿ ಪಿಂಗ್ 50ರಿಂದ 300ಕ್ಕೆ ಜಿಗಿಯುತ್ತದೆ. ಸ್ನೈಪರ್ ಆಡೋದೇ ಬೇಡ್ವಾ? ಮತ್ತೆ, ಹಿಮಕ್ಕೆ ಮಾಡಿದ ಗನ್ ನಮ್ಮ ಮಳೆಗೆ ತಡೆಯುತ್ತಾ?
— ಹೋಮ್‌ಸ್ಟೇ ನಡೆಸುವವರು, ಆಗುಂಬೆ ಕಡೆ

ಎರಡನೆಯದಕ್ಕೆ ಮೊದಲು ಉತ್ತರ. ಆ ಕೋವಿಯ ಬೋಲ್ಟಿನ ಮೇಲೆ ಗೀರು ಕೊರೆದಿದ್ದಾರೆ, ಒಳಗೆ ಹೋದ ನೀರು ಹೆಪ್ಪುಗಟ್ಟಿ ಬೋಲ್ಟ್ ಅಂಟಿಕೊಳ್ಳಬಾರದು ಅಂತ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ನಡೆಯುವ ಹಾಗೆ ಮಾಡಿದ್ದು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ನಿಮ್ಮೂರಿನಲ್ಲಿ ಕೋವಿ ತಡೆದೀತು, ಟವರ್ ತಡೆಯಲ್ಲ.

ಪಿಂಗ್ ಅಂದರೆ ನಿಮ್ಮ ಫೋನಿನ ಮಾತು ಆಟದ ಸರ್ವರಿಗೆ ಹೋಗಿ ಬರುವ ಹೊತ್ತು. 300 ಅಂದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ. ನಿಮ್ಮ ಪರದೆಯಲ್ಲಿ ಕಾಣುವುದು ಎದುರಾಳಿ ಈಗ ಇರುವ ಜಾಗ ಅಲ್ಲ, ಸ್ವಲ್ಪ ಹಿಂದೆ ಇದ್ದ ಜಾಗ. ಅದರ ಮೇಲೆ ಗುಂಡು ಹೋಗಿ ಮುಟ್ಟುವ ಹೊತ್ತು ಸೇರಿಸಿ. ಎಡಬ್ಲ್ಯುಎಂ ಗುಂಡಿನ ವೇಗ ಸೆಕೆಂಡಿಗೆ 900 ಮೀಟರಿಗೂ ಮೇಲೆ. 300 ಮೀಟರ್ ದೂರದವನನ್ನು ಮುಟ್ಟೋಕೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಓಡುವ ಆಳು ಸೆಕೆಂಡಿಗೆ ಆರು ಮೀಟರ್ ಹೋಗುತ್ತಾನೆ. ಅಷ್ಟರಲ್ಲಿ ಅವನು ಎರಡು ಮೀಟರ್ ಮುಂದೆ. ಪಿಂಗ್ ಸ್ಥಿರವಾಗಿದ್ದರೆ ಇಷ್ಟು ಮುಂದೆ ಹೊಡೆಯಬೇಕು ಅಂತ ಕೈಗೆ ಅಭ್ಯಾಸ ಆಗಿಬಿಡುತ್ತದೆ. ಅದು 50, 300, 120 ಅಂತ ಕುಣಿಯುತ್ತಿದ್ದರೆ ಯಾವ ಅಭ್ಯಾಸವೂ ನಿಲ್ಲಲ್ಲ.

ಹಾಗಾಗಿ ಮಳೆಯ ದಿನ ಓಡುವವರನ್ನು ಬಿಟ್ಟುಬಿಡಿ. ನಿಂತವರನ್ನು ಹುಡುಕಿ. ಬಿದ್ದ ಗೆಳೆಯನನ್ನು ಎಬ್ಬಿಸುತ್ತಿರುವವನು ಹತ್ತು ಸೆಕೆಂಡಿನ ಹತ್ತಿರ ಅಲ್ಲಾಡಲ್ಲ. ಔಷಧಿ ಕುಡಿಯುವವನು, ಪೆಟ್ಟಿಗೆ ಮುಂದೆ ಕೂತವನು, ಇವರೆಲ್ಲ ನಿಮ್ಮ ನೆಟ್‌ವರ್ಕಿಗೆ ಹೇಳಿಮಾಡಿಸಿದವರು. ನಿಜ ಹೇಳಬೇಕಂದ್ರೆ, ಕೆಟ್ಟ ಪಿಂಗ್‌ನಲ್ಲಿ ಎದುರಾಬದುರು ನಿಂತು ಎಂ416ನಲ್ಲಿ ಗುದ್ದಾಡುವುದಕ್ಕಿಂತ ಸ್ನೈಪರ್ ಎಷ್ಟೋ ವಾಸಿ.

ಗುಡುಗು ಕೇಳಿಸಿದ ತಕ್ಷಣ ರೂಟರಿನ ಪ್ಲಗ್ ಕಿತ್ತಿಡಿ. ಮ್ಯಾಚ್ ಅರ್ಧದಲ್ಲಿದ್ದರೂ ಸರಿ. ಸಿಡಿಲಿಗೆ ಸುಟ್ಟ ರೂಟರುಗಳು ಪ್ರತಿ ಏಪ್ರಿಲ್, ಮೇನಲ್ಲಿ ನನ್ನ ರಿಪೇರಿ ಅಂಗಡಿಗೆ ಬರುತ್ತವೆ. ಹೆಚ್ಚಿನವು ಗುಜರಿಗೇ.

ಗುರುತು ಸಿಕ್ಕಿತಾ ಅಣ್ಣ? ನಿಮ್ಮ ದುರ್ಗಿಗುಡಿ ಸೈಬರ್‌ನಲ್ಲಿ ಕೌಂಟರ್ ಸ್ಟ್ರೈಕ್ ಆಡ್ತಿದ್ದೆ. "ಎಡಬ್ಲ್ಯುಪಿ ತಗೊಂಡರೆ ಹೊರಗೆ" ಅಂತ ಬೋರ್ಡ್ ಹಾಕಿದ್ರಿ. ಅದು ನ್ಯಾಯಾನಾ?
— ಈಗ ಬೆಂಗಳೂರಲ್ಲಿರುವ ಶಿವಮೊಗ್ಗದವರು

ನ್ಯಾಯವೇ. ಇವತ್ತು ಸೈಬರ್ ಇದ್ದಿದ್ದರೂ ಅದೇ ಬೋರ್ಡ್ ಇರುತ್ತಿತ್ತು.

ಚಿಕ್ಕವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ. ಎಡಬ್ಲ್ಯುಪಿ ಅಂದರೆ ಎಡಬ್ಲ್ಯುಎಂನ ಅಣ್ಣ, ಕೌಂಟರ್ ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಆಟದಲ್ಲಿ. ಅಲ್ಲಿ ಗನ್ ಬೀಳಲ್ಲ, ಆಟದ ದುಡ್ಡು ಕೊಟ್ಟು ಕೊಳ್ಳಬೇಕು. ಇದರ ಬೆಲೆ 4,750 ಡಾಲರ್. ಎಕೆ47 ಹೆಚ್ಚುಕಮ್ಮಿ ಅದರ ಅರ್ಧಕ್ಕೆ ಬರುತ್ತಿತ್ತು. ಎಡಬ್ಲ್ಯುಪಿ ಹೊಟ್ಟೆಗೋ ಎದೆಗೋ ತಾಗಿದರೆ ಸಾವು, ಕಾಲಿಗೆ ತಾಗಿದರೆ ಮಾತ್ರ ಬದುಕು. ಡಸ್ಟ್2 ಅನ್ನುವ ನಕ್ಷೆಯಲ್ಲಿ ನಡುಬಾಗಿಲಿನ ಸಂದು ಇದೆ. ಆಟ ಶುರುವಾದ ಕೂಡಲೇ ಆ ಸಂದಿಗೆ ಸ್ಕೋಪ್ ಇಟ್ಟರೆ, ದಾಟುವವರು ಕೋಳಿಗಳ ಥರ ಬೀಳುತ್ತಿದ್ದರು. ಹೊಡೆದ ತಕ್ಷಣ ಚಾಕು ತೆಗೆದು ಮತ್ತೆ ಗನ್ ತೆಗೆಯುವ ಟಕಟಕ ಸದ್ದು ನೆನಪಿದೆಯಲ್ಲ? ನನ್ನ ಕೀಬೋರ್ಡುಗಳ ಕ್ಯೂ ಗುಂಡಿ ಮೊದಲು ಸತ್ತಿದ್ದೇ ಅದರಿಂದ.

ಆದರೆ ಬೋರ್ಡ್ ಹಾಕಿದ್ದು ಕೀಬೋರ್ಡಿಗಾಗಿ ಅಲ್ಲ. ಆ ಆಟದಲ್ಲಿ ಸತ್ತವರು ಆ ಸುತ್ತು ಮುಗಿಯುವ ತನಕ ಸುಮ್ಮನೆ ನೋಡುತ್ತಾ ಕೂರಬೇಕು. ಹೈಸ್ಕೂಲ್ ಹುಡುಗ ಗಂಟೆಗೆ ಇಷ್ಟು ಅಂತ ಚಿಲ್ಲರೆ ಎಣಿಸಿ ಕೊಟ್ಟು ಕೂತಿರುತ್ತಾನೆ. ಹತ್ತು ಸೆಕೆಂಡಿಗೆ ನಿಮ್ಮಂಥ ಕಾಲೇಜಿನವರು ಹೊಡೆದು ಮಲಗಿಸುತ್ತೀರಿ. ಅವನ ಗಂಟೆಯಲ್ಲಿ ಮುಕ್ಕಾಲು ಪಾಲು ಬೇರೆಯವರ ಆಟ ನೋಡುವುದಕ್ಕೇ ಹೋಗುತ್ತದೆ. ಅಂಥವನು ಮತ್ತೆ ಬರುತ್ತಾನಾ? ನನಗೆ ಕರೆಂಟ್ ಬಿಲ್ ಕಟ್ಟುವವನು ಅವನು, ನೀವಲ್ಲ. ನಿಮ್ಮ ಖಾತೆ ಯಾವಾಗಲೂ ಸಾಲದ ಪುಸ್ತಕದಲ್ಲೇ ಇರುತ್ತಿತ್ತು.

ಆಟ ಮಾಡಿದ ವಾಲ್ವ್ ಕಂಪನಿಯೂ ನಿಧಾನವಾಗಿ ನನ್ನ ದಾರಿಗೇ ಬಂತು. ಬೇರೆ ರೈಫಲ್ಲಿನಲ್ಲಿ ಒಬ್ಬರನ್ನು ಹೊಡೆದರೆ 300 ಡಾಲರ್ ಸಿಗುತ್ತದೆ, ಎಡಬ್ಲ್ಯುಪಿಯಲ್ಲಿ ಹೊಡೆದರೆ 100 ಅಷ್ಟೇ ಅಂತ ಮಾಡಿತು. 2022ರ ನವೆಂಬರಿನಲ್ಲಿ ಮ್ಯಾಗಜೀನನ್ನು ಹತ್ತು ಗುಂಡಿನಿಂದ ಐದಕ್ಕೆ ಇಳಿಸಿತು. ಏಟಿನ ಶಕ್ತಿಯನ್ನು ಮಾತ್ರ ಮುಟ್ಟಲಿಲ್ಲ, ಅದು ಸರಿಯಾದ ತೀರ್ಮಾನ. ಇಂಥ ಗನ್ನಿಗೆ ಬಲ ಇರಬೇಕು, ಅದನ್ನು ಹಿಡಿಯುವವರ ಕೈ ನಡುಗುವಷ್ಟು ದುಬಾರಿಯೂ ಆಗಿರಬೇಕು. ಬಿಜಿಎಂಐನವರು ದುಡ್ಡಿನ ಬದಲು ಗುಂಡು ಕಡಿಮೆ ಕೊಟ್ಟು ಅದನ್ನೇ ಮಾಡಿದ್ದಾರೆ.

ಮಗ ಎಡಬ್ಲ್ಯುಎಂ ಸ್ಕಿನ್ ಅಂತ ನನ್ನ ಯುಪಿಐಯಿಂದ ದುಡ್ಡು ಹಾಕಿದ್ದಾನೆ. ಅದಿದ್ದರೆ ಗೆಲ್ತೀನಿ ಅಂತಾನೆ. ಇದು ಬ್ಯಾನ್ ಆಗಿದ್ದ ಆಟ ಅಲ್ವಾ?
— ಒಬ್ಬ ತಾಯಿ, ಭದ್ರಾವತಿ

ಬಿಜಿಎಂಐನಲ್ಲಿ ಸ್ಕಿನ್ ಅಂದರೆ ಗನ್ನಿನ ಬಣ್ಣ, ವೇಷ, ಸತ್ತವನ ಪೆಟ್ಟಿಗೆಯ ಅಲಂಕಾರ. ಏಟು ಒಂದಂಕಿಯೂ ಹೆಚ್ಚಲ್ಲ. ಅವನು ಮೊದಲು ಫ್ರೀ ಫೈರ್ ಅನ್ನುವ ಇಂಥದ್ದೇ ಇನ್ನೊಂದು ಆಟ ಆಡುತ್ತಿದ್ದನಾ ಕೇಳಿ. ಅಲ್ಲಿ ಕೆಲವು ಸ್ಕಿನ್‌ಗಳಿಗೆ ಏಟು, ದೂರ ಎರಡೂ ಸ್ವಲ್ಪ ಏರುಪೇರು ಮಾಡಿ ಕೊಡುತ್ತಾರೆ. ಆ ನಂಬಿಕೆಯನ್ನೇ ಇಲ್ಲಿಗೂ ಹೊತ್ತು ತಂದಿರುತ್ತಾನೆ. ಒಳ್ಳೆ ಸ್ಕಿನ್‌ಗಳು ನೇರ ಕೊಳ್ಳೋಕೂ ಸಿಗಲ್ಲ, ಹೆಚ್ಚಾಗಿ ಅದೃಷ್ಟದ ಚಕ್ರ ತಿರುಗಿಸಬೇಕು. ಬಂದರೆ ಬಂತು, ಇಲ್ಲದಿದ್ದರೆ ಮತ್ತೆ ದುಡ್ಡು. ಜಾತ್ರೆಯ ಆಟಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ಬ್ಯಾನ್ ಆಯಿತು. ಬಿಜಿಎಂಐ ಅಂತ ಭಾರತಕ್ಕೇ ಬೇರೆ ಆಟ 2021ರ ಜುಲೈಯಲ್ಲಿ ಬಂತು. ಅದನ್ನೂ 2022ರ ಜುಲೈಯಲ್ಲಿ ಸ್ಟೋರ್‌ಗಳಿಂದ ತೆಗೆದರು, 2023ರ ಮೇ ತಿಂಗಳಲ್ಲಿ ಮರಳಿ ಬಂತು. ಹಾಗೆ ಬಂದಾಗ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಅಂತ ಮಿತಿ ಇಟ್ಟಿದ್ದರು. ಮಗ ವಯಸ್ಸು ಏನು ಅಂತ ಹಾಕಿದ್ದಾನೆ ನೋಡಿ.

ಇವತ್ತೇ ಯುಪಿಐ ಪಿನ್ ಬದಲಿಸಿ. ಹೊಡೆಯಬೇಡಿ, ಬೈದರೆ ಸಾಕು.

ಎಡಬ್ಲ್ಯುಎಂಗೆ ಸೈಲೆನ್ಸರ್ ಒಳ್ಳೇದಾ, ಕಾಂಪೆನ್ಸೇಟರ್ ಒಳ್ಳೇದಾ?
— ಆಟೋ ಚಾಲಕರು, ಶಿಕಾರಿಪುರ

ಸೈಲೆನ್ಸರ್. ಅದು ಸದ್ದು ಅಡಗಿಸುತ್ತದೆ, ಕಾಂಪೆನ್ಸೇಟರ್ ಒದೆತ ಕಡಿಮೆ ಮಾಡುತ್ತದೆ. ಒಂದೊಂದೇ ಗುಂಡು ಹೊಡೆಯುವ ಗನ್ನಿಗೆ ಒದೆತ ಕಡಿಮೆಯಾಗಿ ಏನು ಲಾಭ? ಎಲ್ಲಿಂದ ಬಂತು ಅಂತ ಗೊತ್ತಾಗದಿರುವುದೇ ಮುಖ್ಯ. ಚೀಕ್ ಪ್ಯಾಡ್ (ಗನ್ನಿನ ಹಿಂಭಾಗಕ್ಕೆ ಹಾಕುವ, ಕೆನ್ನೆ ಊರುವ ಪಟ್ಟಿ) ಸಿಕ್ಕರೆ ಹಾಕಿಕೊಳ್ಳಿ, ಅದಕ್ಕಾಗಿ ಊರು ಸುತ್ತಬೇಡಿ.

ನಮ್ಮ ತಂಡದಲ್ಲಿ ಮೂವರು ಹುಡುಗರು, ನಾನೊಬ್ಬಳೇ ಹುಡುಗಿ. ಎಡಬ್ಲ್ಯುಎಂ ಯಾರಿಗೆ ಸಿಕ್ಕರೂ ನನಗೆ ಮಾತ್ರ ಕೊಡಲ್ಲ. "ನೀನು ಔಷಧಿ ಹಿಡ್ಕೊ" ಅಂತಾರೆ.
— ಬಿಕಾಂ ವಿದ್ಯಾರ್ಥಿನಿ, ರಿಪ್ಪನ್‌ಪೇಟೆ

ಮ್ಯಾಚ್ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ಯಾರು ಎಷ್ಟು ಏಟು ಕೊಟ್ಟರು ಅಂತ ಇರುತ್ತದೆ. ಒಂದು ವಾರ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ಗುಂಪಿಗೆ ಹಾಕಿ, ಒಂದು ಮಾತೂ ಬರೆಯಬೇಡಿ. ಅದಕ್ಕೂ ಬಗ್ಗದಿದ್ದರೆ, ಮುಂದಿನ ಸಲ ಅವರು ಬಿದ್ದು "ಎಬ್ಬಿಸು, ಎಬ್ಬಿಸು" ಅಂದಾಗ ಮೊದಲು ಗನ್ ಕೆಳಗೆ ಹಾಕೋಕೆ ಹೇಳಿ. ಔಷಧಿ ಇರುವುದು ನಿಮ್ಮ ಹತ್ತಿರ ತಾನೇ?

ಡ್ರಾಪ್ ಸಿಗುವುದೇ ಅಪರೂಪ. ಹಾಗಾದರೆ ಎಡಬ್ಲ್ಯುಎಂ ಅಭ್ಯಾಸ ಎಲ್ಲಿ ಮಾಡೋದು?
— ಕಾಫಿ ತೋಟದ ರೈಟರ್, ಕೊಪ್ಪ

ಆಟದಲ್ಲೇ ಇರುವ ಟ್ರೈನಿಂಗ್ ಗ್ರೌಂಡ್‌ನಲ್ಲಿ. ಅಲ್ಲಿ ಮೇಜಿನ ಮೇಲೆ ಇಟ್ಟಿರುತ್ತಾರೆ, ಗುಂಡಿಗೂ ಬರವಿಲ್ಲ. ಆದರೆ ಅಲ್ಲಿ ನಿಂತ ಬೊಂಬೆಗೆ ನೂರು ಗುಂಡು ಹೊಡೆದು ಪ್ರಯೋಜನ ಇಲ್ಲ. ಇಪ್ಪತ್ತು ಗುಂಡು ತೆಗೆದುಕೊಳ್ಳಿ, ಬಾಕಿ ಅಲ್ಲೇ ಬಿಡಿ. ಅಲ್ಲಾಡುವ ಗುರಿಗಳಿಗೆ ಮಾತ್ರ ಹೊಡೆಯಿರಿ. ಜೈರೋಸ್ಕೋಪ್ (ಫೋನ್ ವಾಲಿಸಿ ಗುರಿ ಹಿಡಿಯುವುದು) ಆನ್ ಮಾಡಿ, ಕೈ ಊರದೆ, ನಿಂತುಕೊಂಡು ಆಡಿ ನೋಡಿ. ಇಪ್ಪತ್ತರಲ್ಲಿ ಎಷ್ಟು ತಾಗಿತು ಅಂತ ಬರೆದಿಡಿ, ಕಾಫಿ ಕೊಯ್ಲಿನ ಲೆಕ್ಕ ಬರೆಯುವವರಿಗೆ ಅದೇನು ಕಷ್ಟ ಅಲ್ಲ. ಅರ್ಧಕ್ಕಿಂತ ಜಾಸ್ತಿ ಆದಮೇಲೆ ನನಗೆ ಇನ್ನೊಂದು ಪತ್ರ ಹಾಕಿ. ಮುಂದಿನ ಸಂಚಿಕೆಗೆ ಗಾಡಿಗಳ ಬಗ್ಗೆ ಪ್ರಶ್ನೆ ಕಳಿಸಿ.